ರಾಕ್ ವೇದಿಕೆಯಿಂದ ತವಿಲಿನ ಪಾಠಕ್ಕೆ

1970ರ ದಶಕದ ಬೆಂಗಳೂರಿನಲ್ಲಿ ‘ಹ್ಯೂಮನ್ ಬಾಂಡೇಜ್’ ಅನ್ನುವ ರಾಕ್ ಬ್ಯಾಂಡೊಂದು ಹೆಸರು ಮಾಡಿತ್ತು. ಗಿಟಾರ್ ಹಿಡಿದವರು ಸುರೇಶ್ ಶೋತಂ, ಡ್ರಮ್ ಸೆಟ್ಟಿನ ಹಿಂದೆ ಅವರ ಸಹೋದರ ರಮೇಶ್ ಶೋತಂ. ರಮೇಶ್ ಹುಟ್ಟಿದ್ದು 1948ರಲ್ಲಿ, ಮದ್ರಾಸಿನಲ್ಲಿ. ಈ ರಾಕ್ ಡ್ರಮ್ಮರು ಮುಂದೆ ಏನು ಮಾಡಿದರು ಗೊತ್ತೆ? ಬೆಂಗಳೂರಿನ ತಾಳವಾದ್ಯ ಶಾಲೆಯೊಂದಕ್ಕೆ ಹೋಗಿ, ಶಿಷ್ಯನಾಗಿ ಕುಳಿತು, ತವಿಲು ಕಲಿತರು. ಹೌದು, ತವಿಲು! ನಾಗಸ್ವರದ ಜೊತೆ ಮದುವೆ ಮಂಟಪದಲ್ಲಿ, ದೇವರ ಉತ್ಸವದಲ್ಲಿ ಮೊಳಗುತ್ತದಲ್ಲ, ಹಳೇ ಮೈಸೂರು ಕಡೆಯವರು ಡೋಲು ಅಂತಾರಲ್ಲ, ಅದೇ.

ಈ ವಿಷಯ ಗೊತ್ತಾದಾಗಿನಿಂದ ನನಗೆ ಸುಮ್ಮನೆ ಕೂರಲಾಗುತ್ತಿಲ್ಲ. ನಾನಿರುವುದು ಬಾಗಲಕೋಟೆಯ ನವನಗರದಲ್ಲಿ, ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಸೆಕ್ಟರು ಸೆಕ್ಟರಾಗಿ ಕಟ್ಟಿದ ಊರಲ್ಲಿ. ನಮ್ಮ ಕಡೆ ತವಿಲು ಕಡಿಮೆ. ನಮ್ಮದೇನಿದ್ದರೂ ಹಲಗಿ, ಸಂಬಾಳ, ಕರಡಿ ಮಜಲು. ಹೋಳಿ ಬಂತೆಂದರೆ ಬಾಗಲಕೋಟೆಯ ಪೇಟೆಗಳಲ್ಲಿ ಹಲಗಿಯ ಚರ್ಮವನ್ನು ಬೆಂಕಿಗೆ ಕಾಯಿಸಿ, ಅದು ಟಣ್ಣೆನ್ನುವಷ್ಟು ಬಿಗಿಯಾದ ಮೇಲೆ ಬಾರಿಸುತ್ತಾರೆ. ಆ ಪೆಟ್ಟು ಎದೆಯೊಳಗೆ ಹೊಕ್ಕು ಕಾಲು ತಾನಾಗಿ ಎದ್ದೇಳುತ್ತದೆ. ಇತ್ತ ಬಾದಾಮಿಯ ಮೊದಲನೆಯ ಮೇಣಬಸದಿಗೆ ಹೋಗಿ ನೋಡಿ. ಹದಿನೆಂಟು ಕೈಗಳ ನಟರಾಜ ಕುಣಿಯುತ್ತಿದ್ದಾನೆ, ಪಕ್ಕದಲ್ಲೇ ಚರ್ಮವಾದ್ಯ ಬಾರಿಸುವವನನ್ನೂ ಆರನೆಯ ಶತಮಾನದ ಶಿಲ್ಪಿ ಮರೆಯದೆ ಕೆತ್ತಿದ್ದಾನೆ. ಕುಣಿತ ನಿಂತಿರುವುದೇ ಅವನ ಕೈಯ ಮೇಲೆ ಎಂದು ಆ ಶಿಲ್ಪಿಗೆ ತಿಳಿದಿತ್ತು! ಇಂಥ ಸೀಮೆಯಲ್ಲಿ ಬೆಳೆದವರಿಗೆ ರಮೇಶ್ ಶೋತಂ ಹಿಡಿದ ದಾರಿ ಎಂಥದ್ದೆಂದು ಬೇರೆ ಹೇಳಬೇಕಿಲ್ಲ.

ಆದರೂ ಆ ದಾರಿಯ ಕಷ್ಟವನ್ನು ಸ್ವಲ್ಪ ಬಿಡಿಸಿ ನೋಡಬೇಕು. ರಾಕ್ ಡ್ರಮ್ಮರಿಗೆ ಕೈಕಾಲು ನಾಲ್ಕೂ ಕೆಲಸ. ಬಲಗಾಲು ದೊಡ್ಡ ಡ್ರಮ್ಮನ್ನು ಒದೆಯುತ್ತಿರುತ್ತದೆ, ಎಡಗಾಲು ತಟ್ಟೆಗಳ ಜೋಡಿಯನ್ನು ಮುಚ್ಚಿ ತೆರೆಯುತ್ತಿರುತ್ತದೆ, ಎರಡು ಕೈಯಲ್ಲೂ ಕೋಲು. ತವಿಲಿನ ಪಾಠಕ್ಕೆ ಕೂತರೆ ಅಷ್ಟು ದುಡಿದ ಕಾಲುಗಳು ಮಡಿಸಿಕೊಂಡು ಸುಮ್ಮನಾಗಬೇಕು! ಒಂದು ಕೈಗೆ ಮಾತ್ರ ಕೋಲು, ಗಿಡ್ಡ, ದಪ್ಪ. ಇನ್ನೊಂದು ಕೈಯ ಬೆರಳುಗಳಿಗೆ ಬಟ್ಟೆ ಮತ್ತು ಹಿಟ್ಟಿನ ಅಂಟಿನಿಂದ ಮಾಡಿದ ಗಟ್ಟಿ ಟೋಪಿಗಳು. ಹಲಸಿನ ಮರದ ಒಡಲು, ಕಲ್ಲಿನಂತೆ ಬಿಗಿದ ಚರ್ಮ. ಒಂದೇ ವಾದ್ಯದಲ್ಲಿ ಒಂದು ಮಗ್ಗುಲಿಗೆ ಕೋಲಿನ ಗುಡುಗು, ಇನ್ನೊಂದು ಮಗ್ಗುಲಿಗೆ ಬೆರಳಿನ ಸಿಡಿಲು!

ಅದಕ್ಕಿಂತ ದೊಡ್ಡ ಸೋಜಿಗ ಒಳಗಿನ ಲೆಕ್ಕದ್ದು. ರಾಕ್ ಹಾಡು ಹೆಚ್ಚಾಗಿ ನಾಲ್ಕರ ಎಣಿಕೆಯಲ್ಲಿ ಓಡುತ್ತದೆ, ಎರಡಕ್ಕೂ ನಾಲ್ಕಕ್ಕೂ ಜೋರು ಪೆಟ್ಟು. ಕರ್ನಾಟಕ ಸಂಗೀತದ ಆದಿತಾಳದ್ದು ಎಂಟು ಅಕ್ಷರ. ಒಂದೊಂದಕ್ಕೆ ನಾಲ್ಕು ಮಾತ್ರೆ ಹಿಡಿದರೆ ಒಂದು ಆವರ್ತಕ್ಕೆ 32. ಹೊರಗಿನಿಂದ ನೋಡಿದರೆ ಅದೂ ನಾಲ್ಕು, ಇದೂ ನಾಲ್ಕು, ನೆರೆಮನೆಯವರೇ. ಆದರೆ ತವಿಲಿನವರು ಆ 32ರೊಳಗೆ ಏನು ಮಾಡುತ್ತಾರೆ ನೋಡಿ. ‘ತದಿಗಿಣತೊಂ’ ಎಂಬ ಐದರ ಗುಂಪನ್ನು ಐದು ಸಲ ಹೇಳಿ, 25 ಮಾತ್ರೆ ಮುಗಿದವು. ಈಗ ‘ತಕಿಟ ತಕಧಿಮಿ’ ಎಂಬ ಏಳನ್ನು ಸೇರಿಸಿ. 32! ನಡುವೆ ತಾಳ ಕೈತಪ್ಪಿತೇನೋ, ನೆಲವೇ ಜಾರಿತೇನೋ ಅನ್ನಿಸುತ್ತದೆ, ಅಷ್ಟರಲ್ಲಿ ಸಮ, ಅಂದರೆ ಆವರ್ತದ ಮೊದಲ ಪೆಟ್ಟು, ಬಂದು ಸರಿಯಾಗಿ ಅಂಗೈಯಲ್ಲಿ ಕೂರುತ್ತದೆ. ಓದುವುದನ್ನು ಒಂದು ಗಳಿಗೆ ನಿಲ್ಲಿಸಿ ತೊಡೆ ತಟ್ಟುತ್ತ ಬಾಯಲ್ಲಿ ಹೇಳಿ ನೋಡಿ, ಖಂಡಿತ ನಗು ಬರುತ್ತದೆ. ವಾದ್ಯ ಮುಟ್ಟುವ ಮೊದಲು ಹೀಗೆ ಬಾಯಲ್ಲಿ ಕಟ್ಟುವ ವಿದ್ಯೆಯೇ ಕೊನ್ನಕ್ಕೋಲ್. ಡ್ರಮ್ಮರೊಬ್ಬರ ಬಾಯಿಗೆ ಇದು ಬಂತೆಂದರೆ ಅವರು ಡ್ರಮ್ ಸೆಟ್ಟಿಗೇ ಮರಳಿದರೂ ಕೈ ಮೊದಲಿನ ಕೈಯಾಗಿ ಉಳಿಯುವುದಿಲ್ಲ.

ರಮೇಶ್ ಕಲಿತ ಆ ಶಾಲೆ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅದನ್ನು 1964ರಲ್ಲಿ ಕಟ್ಟಿದರು. ಅವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ. ಕಛೇರಿಯಲ್ಲಿ ಹಾಡಿನ ಹಿಂದೆ ಕೂರುತ್ತಿದ್ದ ಮೃದಂಗ, ಘಟ, ಖಂಜೀರ, ಮೋರ್ಸಿಂಗ್‌ಗಳನ್ನು ಮುಂದೆ ತಂದು ಕೂರಿಸಿದವರು ಮಣಿ. ಅವರು 2020ರಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ಶಾಲಾ ಪಠ್ಯಗಳಲ್ಲಿ ಇರಬೇಕಿತ್ತು ಎಂದು ನಾನು ನಿಜಕ್ಕೂ ನಂಬುತ್ತೇನೆ. ಯಾಕೆಂದರೆ ಲೋಕ ಅವರ ಬಾಗಿಲಿಗೇ ಬಂತು! ಜರ್ಮನಿಯ ಮ್ಯೂನಿಕ್ಕಿನಲ್ಲಿ ಡ್ರಮ್ಮರ್ ಕ್ರಿಸ್ಟಿಯಾನ್ ಬುರ್ಖಾರ್ಟ್ 1969ರಲ್ಲಿ ಶುರುಮಾಡಿದ ರಾಕ್ ತಂಡ ಎಂಬ್ರಿಯೊ. ಎಪ್ಪತ್ತರ ದಶಕದ ಕೊನೆಗೆ ಆ ತಂಡ ಬಸ್ಸಿನಲ್ಲಿ, ನೆಲದ ದಾರಿ ಹಿಡಿದು ಭಾರತಕ್ಕೆ ಬಂತು. ಆ ತಂಡವೂ ಮಣಿಯವರ ಕಾಲೇಜಿನ ಕಲಾವಿದರೂ ಕೂಡಿ ನುಡಿಸಿದರು. ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಾಗಸ್ವರದ ಹುಚ್ಚು ಹಿಡಿಸಿಕೊಂಡಿದ್ದವರು, ಅದನ್ನು ಕಲಿತೇಬಿಟ್ಟವರು. ಅವರು 1983ರಲ್ಲಿ ರಮಾಮಣಿ, ಮಣಿ ಮತ್ತು ಸಂಗಡಿಗರೊಡನೆ ಜರ್ಮನಿಯ ಇಸಿಎಂ ಕಂಪನಿಗಾಗಿ ‘ಜ್ಯೋತಿ’ ಆಲ್ಬಂ ನುಡಿಸಿದರು.

ರಮೇಶ್ ಎಂಬತ್ತರ ದಶಕದ ಆರಂಭದಲ್ಲಿ ಯೂರೋಪಿಗೆ ಹೊರಟರು, ಜರ್ಮನಿಯ ಕಲೋನ್‌ನಲ್ಲಿ ನೆಲೆಯಾದರು. ಕೈಯಲ್ಲಿದ್ದ ಸರಂಜಾಮು ನೋಡಿ: ಡ್ರಮ್ ಸೆಟ್ಟು, ತವಿಲು, ಘಟ, ಖಂಜೀರ, ಮೋರ್ಸಿಂಗ್! ಅಲ್ಲಿ ಜಾಜ್ ವೇದಿಕೆಯ ಮೇಲೆ ಮಡಕೆಯ ನಾದ ಎದ್ದಿತು. ಎಂಬ್ರಿಯೊ ಜೊತೆ ನುಡಿಸಿದರು, ‘ಮದ್ರಾಸ್ ಸ್ಪೆಷಲ್’ ಎಂಬ ತಮ್ಮದೇ ತಂಡ ಕಟ್ಟಿದರು. ಒಂದು ವಾದ್ಯಕ್ಕಾಗಿ ಇನ್ನೊಂದನ್ನು ಅವರು ಬಿಟ್ಟುಕೊಡಲಿಲ್ಲ. ನನಗೆ ಅತ್ಯಂತ ಪ್ರಿಯವಾದದ್ದು ಇದೇ: ರಾಕಿನಲ್ಲಿ ದುಡಿದ ಕಾಲೂ ಬೇಕು, ತವಿಲು ತಿದ್ದಿದ ಬೆರಳೂ ಬೇಕು.

1992ರ ‘ಬ್ಲೂ ಕ್ಯಾಮೆಲ್’ ಆಲ್ಬಮ್ಮನ್ನು ಒಮ್ಮೆ ಹುಡುಕಿ ಕೇಳಿ, ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಅರಬ್ ತಂತಿವಾದ್ಯ ಊದ್ ಮೀಟುವವರು ಬೈರೂತಿನಲ್ಲಿ ಹುಟ್ಟಿ, ಅಂತರ್ಯುದ್ಧದ ಕಾಲಕ್ಕೆ ಮ್ಯೂನಿಕ್ ಸೇರಿದ ರಬಿ ಅಬು ಖಲೀಲ್. ತುತ್ತೂರಿಗೆ ಕೆನಡಾದಲ್ಲಿ ಹುಟ್ಟಿದ ಕೆನ್ನಿ ವೀಲರ್, ಬೇಸ್ ಗಿಟಾರಿಗೆ ಅಮೆರಿಕದ ಸ್ಟೀವ್ ಸ್ವಾಲೊ, ಕಾಂಗಾ ಬಾರಿಸಲು ಪೋರ್ಟೊ ರಿಕೊ ಮೂಲದ ಮಿಲ್ಟನ್ ಕಾರ್ಡೋನಾ, ಅರಬ್ ಚರ್ಮವಾದ್ಯಕ್ಕೆ ನಬೀಲ್ ಖಯಾತ್. ದಕ್ಷಿಣ ಭಾರತದ ತಾಳವಾದ್ಯಗಳಿಗೆ ರಮೇಶ್ ಶೋತಂ. ಇನ್ನು ಸ್ಯಾಕ್ಸೊಫೋನ್ ಯಾರದ್ದು ಅಂದುಕೊಂಡಿರಿ? ಚಾರ್ಲಿ ಮರಿಯಾನೊ!