ಮೊದಲು ಕೇಳು, ಆಮೇಲೆ ಬಿಚ್ಚು

ಹಳೆಯ ಡೀಸೆಲ್ ಕಾರಿನ ರಿಪೇರಿಯನ್ನು ಮನೆಯಂಗಳದಲ್ಲೇ ಕಲಿಯಲು ಹೊರಟವರಿಗೆ ಸ್ಪ್ಯಾನರ್‌ಗಿಂತ ಮೊದಲು ಬೇಕಾಗುವುದು ಪ್ರಶ್ನೆಗಳ ಒಂದು ಕ್ರಮ

ಹಳೆಯ ಡೀಸೆಲ್ ಇಂಡಿಕಾದ ಬಾನೆಟ್ ಎತ್ತಿದರೆ ಮೊದಲು ಗಮನಕ್ಕೆ ಬರುವುದು ಅಲ್ಲಿ ಏನೇನು ಇಲ್ಲ ಎಂಬುದು. ಸ್ಪಾರ್ಕ್ ಪ್ಲಗ್ ಇಲ್ಲ, ಇಗ್ನಿಷನ್ ಕಾಯಿಲ್ ಇಲ್ಲ, ಕಾರ್ಬ್ಯುರೇಟರ್ ಇಲ್ಲ. ಒಂದು ಪಂಪು, ಅದರಿಂದ ಹೊರಟ ನಾಲ್ಕು ಉಕ್ಕಿನ ಪೈಪು, ಪೈಪುಗಳ ತುದಿಗೆ ನಾಲ್ಕು ನಾಜಲ್, ಒಂದು ಡೀಸೆಲ್ ಫಿಲ್ಟರ್, ಒಂದು ಏರ್ ಫಿಲ್ಟರ್. ಎಂಜಿನ್ ಉರಿಯುವುದಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ. ಅದೂ ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ.

1998ರ ಡಿಸೆಂಬರಿನಲ್ಲಿ ಟಾಟಾ ಸಂಸ್ಥೆ ತಂದ ಈ ಕಾರು 1405 ಸಿಸಿಯ ಡೀಸೆಲ್ ಎಂಜಿನ್ ಹೊತ್ತು ಬಂದು ಟ್ಯಾಕ್ಸಿ ಸ್ಟ್ಯಾಂಡುಗಳನ್ನೆಲ್ಲ ತುಂಬಿಕೊಂಡಿತ್ತು. 2018ರಲ್ಲಿ ಇಂಡಿಕಾ ತಯಾರಿಕೆ ನಿಂತಿತು. ಬಾಡಿಗೆಗೆ ದುಡಿದು, ಎರಡು ಮೂರು ಕೈ ಬದಲಾದ ಗಾಡಿಗಳು ಈಗ ಊರ ಕಡೆಯ ಅಂಗಳಗಳಲ್ಲಿ ಟಾರ್ಪಾಲು ಹೊದ್ದು ನಿಂತಿವೆ. ಇವನ್ನು ಬಲ್ಲ ಮೆಕ್ಯಾನಿಕ್‌ಗಳಿಗೆ ವಯಸ್ಸಾಗಿದೆ. ಹೊಸ ಹುಡುಗರು ಸ್ಕ್ಯಾನರ್ ಹಿಡಿದು ಕೆಲಸ ಕಲಿತವರು. ಸ್ಕ್ಯಾನರ್ ಚುಚ್ಚಲು ಇಲ್ಲಿ ಜಾಗವೇ ಇಲ್ಲ ಎಂದರೆ ಮುಖ ನೋಡುತ್ತಾರೆ. ಹೀಗಾಗಿ ಕಡಿಮೆ ದುಡ್ಡಿಗೆ ಗಾಡಿ ಕೊಂಡು, ‘ನಾನೇ ಯಾಕೆ ಕಲಿಯಬಾರದು’ ಎಂದು ಕೈ ಮಸಿ ಮಾಡಿಕೊಳ್ಳುವವರಿಗೆ ಹಳೇ ಡೀಸೆಲ್ ಒಳ್ಳೆಯ ಪಾಠಶಾಲೆ.

ಆದರೆ ಕಲಿಯುವವರು ಸಾಮಾನ್ಯವಾಗಿ ಬೀಳುವ ಗುಂಡಿ ಒಂದಿದೆ. ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲವೇ? ಬ್ಯಾಟರಿ ಹೊಸದು. ಆಗಲೂ ಆಗಲಿಲ್ಲವೇ? ಹೀಟರ್ ಪ್ಲಗ್ ಹೊಸದು. ಮುಂದೆ ನಾಜಲ್, ಅದರ ಮುಂದೆ ಪಂಪು. ಸಾವಿರಾರು ರೂಪಾಯಿ ಖರ್ಚಾದ ಮೇಲೆ ನೋಡಿದರೆ ಡೀಸೆಲ್ ಪೈಪಿನ ಕ್ಲಿಪ್ಪೊಂದು ಸಡಿಲವಾಗಿರುತ್ತದೆ. ಸಾಮಾನು ಬದಲಿಸುವುದು ರಿಪೇರಿಯ ಕೊನೆಯ ಹೆಜ್ಜೆ. ಅದಕ್ಕೆ ಮೊದಲಿನದೆಲ್ಲ ಎಂಜಿನ್ನನ್ನು ಸರಿಯಾದ ಕ್ರಮದಲ್ಲಿ ವಿಚಾರಿಸುವ ಕೆಲಸ.

ಕಿಡಿಯಿಲ್ಲದ ಬೆಂಕಿ

ಕ್ರಮ ತಿಳಿಯಬೇಕಾದರೆ ಎಂಜಿನ್ ಹೇಗೆ ಉರಿಯುತ್ತದೆಂದು ತಿಳಿದಿರಬೇಕು. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು. ಡೀಸೆಲ್‌ಗೆ ಬೇಕಾದದ್ದು ಒತ್ತಡ. ಗಾಳಿಯನ್ನು ಜೋರಾಗಿ ಒತ್ತಿದರೆ ಅದು ಕಾಯುತ್ತದೆ. ಸೈಕಲ್ ಪಂಪ್ ಹೊಡೆದವರ ಕೈಗೆ ಇದು ಗೊತ್ತು. ಇಂಡಿಕಾದಂಥ ಎಂಜಿನ್ನಿನಲ್ಲಿ ಪಿಸ್ಟನ್ ಗಾಳಿಯನ್ನು ಸುಮಾರು 22ನೇ ಒಂದು ಪಾಲಿಗೆ ಹಿಂಡುತ್ತದೆ. ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಗಳಿಗೆಯಲ್ಲಿ ನಾಜಲ್ ಡೀಸೆಲನ್ನು ಮಂಜಿನಷ್ಟು ಸಣ್ಣಗೆ ಸಿಂಪಡಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ.

ಜರ್ಮನಿಯ ರುಡಾಲ್ಫ್ ಡೀಸೆಲ್ ಈ ತತ್ತ್ವಕ್ಕೆ 1893ರಲ್ಲಿ ಪೇಟೆಂಟ್ ಪಡೆದ. ಸರಿಯಾಗಿ ಓಡುವ ಎಂಜಿನ್ ಸಿದ್ಧವಾದದ್ದು 1897ರಲ್ಲಿ, ಆಗ್ಸ್‌ಬರ್ಗ್ ಪಟ್ಟಣದಲ್ಲಿ. ಆ ಭಾರೀ ಯಂತ್ರ ಕಾರಿನೊಳಗೆ ಕೂರುವಷ್ಟು ಸಣ್ಣದಾಗಲು ದಶಕಗಳೇ ಹಿಡಿದವು. ಅಷ್ಟು ಒತ್ತಡದ ಎದುರು ಅಷ್ಟು ಕಡಿಮೆ ಡೀಸೆಲನ್ನು ಸರಿಯಾದ ಹೊತ್ತಿಗೆ ತಳ್ಳುವ ಪಂಪು ಬೇಕಿತ್ತು. ಬಾಷ್ ಕಂಪನಿ 1927ರಲ್ಲಿ ಅಂಥ ಪಂಪನ್ನು ದೊಡ್ಡ ಸಂಖ್ಯೆಯಲ್ಲಿ ಮಾಡತೊಡಗಿತು. 1936ರಲ್ಲಿ ಮರ್ಸಿಡಿಸ್ ಬೆಂಜ್‌ನ ಡೀಸೆಲ್ ಕಾರು 260 ಡಿ ಬಂತು.

ಇಷ್ಟು ತಿಳಿದರೆ ಡೀಸೆಲ್ ಎಂಜಿನ್ ಸ್ಟಾರ್ಟ್ ಆಗದಿರಲು ಕಾರಣಗಳು ಎಣಿಕೆಗೆ ಸಿಗುತ್ತವೆ. ಸಾಕಷ್ಟು ಜೋರಾಗಿ ತಿರುಗುತ್ತಿಲ್ಲ, ಡೀಸೆಲ್ ಬರುತ್ತಿಲ್ಲ, ಗಾಳಿ ಬರುತ್ತಿಲ್ಲ, ಬಿಸಿ ಸಾಲುತ್ತಿಲ್ಲ, ಇಲ್ಲವೇ ಒತ್ತಡ ನಿಲ್ಲುತ್ತಿಲ್ಲ.

ಅಗ್ಗದಿಂದ ದುಬಾರಿಗೆ

ಈ ಐದನ್ನು ಖರ್ಚಿಲ್ಲದ ಪರೀಕ್ಷೆಯಿಂದ ಶುರುಮಾಡಿ ವಿಚಾರಿಸಬೇಕು. ಮೊದಲು ಸೆಲ್ಫ್ ಹೊಡೆದು ಕಿವಿಗೊಡಿ. ಎಂಜಿನ್ ಎಳೆದೆಳೆದು ತಿರುಗುತ್ತಿದ್ದರೆ ಗಾಳಿ ಕಾಯುವಷ್ಟು ವೇಗವೇ ಬರುವುದಿಲ್ಲ. ಮಲ್ಟಿಮೀಟರ್ ಇಟ್ಟು ನೋಡಿ: ಸುಮ್ಮನಿರುವಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, ಸೆಲ್ಫ್ ಹೊಡೆಯುವಾಗ 10ರ ಕೆಳಗೆ ಜಾರಬಾರದು. ಜಾರಿದರೂ ತಕ್ಷಣ ಬ್ಯಾಟರಿ ಅಂಗಡಿಗೆ ಓಡಬೇಕಿಲ್ಲ. ಟರ್ಮಿನಲ್ ಮೇಲೆ ಕೂತ ಬಿಳಿ ಪುಡಿಯನ್ನು ಬಿಸಿನೀರಿನಲ್ಲಿ ತೊಳೆದು, ಬಾಡಿಗೆ ಕಚ್ಚಿಸಿದ ಅರ್ಥ್ ವೈರನ್ನು ಬಿಚ್ಚಿ ಉಜ್ಜಿ ಬಿಗಿದರೆ ಎಷ್ಟೋ ಸಲ ಸೆಲ್ಫಿನ ದನಿ ಬದಲಾಗುತ್ತದೆ.

ಎರಡನೆಯದಕ್ಕೂ ಖರ್ಚಿಲ್ಲ. ಕೀ ಆನ್ ಮಾಡಿದಾಗ ಪಂಪಿನ ಹತ್ತಿರ ‘ಟಿಕ್’ ಎಂಬ ಸದ್ದು ಬರಬೇಕು. ಅದು ಡೀಸೆಲ್ ದಾರಿಯನ್ನು ತೆರೆಯುವ ಸೊಲೆನಾಯ್ಡ್. ಅದರ ವೈರ್ ಕಳಚಿದ್ದರೆ ಟ್ಯಾಂಕ್ ತುಂಬಿದ್ದರೂ ಎಂಜಿನ್ ಉಪವಾಸ.

ಬೆಳಿಗ್ಗೆ ಮಾತ್ರ ತೊಂದರೆ ಕೊಟ್ಟು, ಒಮ್ಮೆ ಬಿಸಿಯಾದ ಮೇಲೆ ಸಲೀಸಾಗಿ ಹತ್ತಿಕೊಳ್ಳುವ ಗಾಡಿಯಾದರೆ ಹೀಟರ್ ಪ್ಲಗ್ ವಿಚಾರಿಸಿ. ಮಲೆನಾಡಿನ ಚಳಿಯಲ್ಲಿ ಈ ದೂರು ಹೆಚ್ಚು. ತಣ್ಣಗಿನ ಲೋಹ ಗಾಳಿಯ ಬಿಸಿಯನ್ನು ಹೀರಿಕೊಳ್ಳುವುದರಿಂದ, ಸಿಲಿಂಡರಿಗೊಂದರಂತೆ ಇರುವ ಈ ಪ್ಲಗ್‌ಗಳು ಮುಂಚೆಯೇ ಒಳಗೆ ಬಿಸಿ ಕೂಡಿಡುತ್ತವೆ. ಪ್ಲಗ್‌ಗಳ ಮೇಲಿನ ವೈರ್ ತೆಗೆದು, ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್‌ಗೂ ಇನ್ನೊಂದನ್ನು ಪ್ಲಗ್ಗಿನ ತಲೆಗೂ ಮುಟ್ಟಿಸಿ. ದೀಪ ಹತ್ತಿದರೆ ಪ್ಲಗ್ ಜೀವಂತ. ನಾಲ್ಕರಲ್ಲಿ ಎರಡು ಸತ್ತಿದ್ದರೆ ಬೆಳಗಿನ ರಗಳೆಗೆ ಕಾರಣ ಸಿಕ್ಕಿತು.

‘ಏರ್ ಹಿಡಿದಿದೆ’

ಡೀಸೆಲ್ ಮೆಕ್ಯಾನಿಕ್‌ಗಳ ಬಾಯಲ್ಲಿ ಪದೇಪದೇ ಕೇಳುವ ಮಾತಿದು. ಇಂಥ ರೋಟರಿ ಪಂಪು ಟ್ಯಾಂಕಿನಿಂದ ಡೀಸೆಲನ್ನು ತಾನೇ ಹೀರಿಕೊಳ್ಳುತ್ತದೆ. ಹೀರುವ ದಾರಿಯಲ್ಲಿ ಸಣ್ಣ ಬಿರುಕಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲ ಒಣಗಿದೆ, ಪೈಪ್ ಒಣಗಿದೆ, ಆದರೂ ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಹತ್ತುವುದಿಲ್ಲ. ಕಲಿಯುವವರನ್ನು ಕಂಗೆಡಿಸುವ ದೋಷಗಳಲ್ಲಿ ಇದು ಮೊದಲನೆಯದು.

ಹಿಡಿಯುವ ಉಪಾಯ ಸರಳ. ಪಂಪಿಗೆ ಹೋಗುವ ಪೈಪಿನಲ್ಲಿ ಡೀಸೆಲ್‌ಗೆ ತಾಳುವ ಒಂದು ಪಾರದರ್ಶಕ ತುಂಡನ್ನು ತಾತ್ಕಾಲಿಕವಾಗಿ ಸೇರಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಗುಳ್ಳೆ ಕಂಡರೆ, ಒಂದು ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ ಪಂಪಿಗಿಂತ ಎತ್ತರದಲ್ಲಿಟ್ಟು ನೇರವಾಗಿ ಕೊಡಿ. ಕ್ಯಾನಿನಿಂದ ಕೊಟ್ಟಾಗ ಗಾಡಿ ಚೆನ್ನಾಗಿ ಓಡಿ, ಟ್ಯಾಂಕಿನಿಂದ ಕೊಟ್ಟಾಗ ತಡವರಿಸಿದರೆ ತಪ್ಪು ಟ್ಯಾಂಕಿಗೂ ಪಂಪಿಗೂ ನಡುವೆ ಇದೆ. ಸಾಮಾನ್ಯವಾಗಿ ಬಿರುಕು ಬಿಟ್ಟ ರಬ್ಬರ್ ಪೈಪು, ಸಡಿಲ ಕ್ಲಿಪ್ಪು ಅಥವಾ ಫಿಲ್ಟರಿನ ವಾಷರ್. ಮೂರರ ಬೆಲೆ ಸೇರಿಸಿದರೂ ಪಂಪ್ ಬಿಚ್ಚಿಸುವ ಕೂಲಿಗೆ ಸಮವಲ್ಲ.

ಸರಿಪಡಿಸಿದ ಮೇಲೆ ಏರ್ ತೆಗೆಯಬೇಕು. ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಕೈಪಂಪ್ ಒತ್ತಿ, ಸ್ಕ್ರೂ ಬಿಗಿಯಬೇಕು. ಫಿಲ್ಟರ್ ಬದಲಿಸಿದಾಗಲೂ ಇದೇ ಕ್ರಮ. ಫಿಲ್ಟರಿನ ತಳದಲ್ಲಿ ಕೂತ ನೀರನ್ನು ಆಗಾಗ ಇಳಿಸುವುದನ್ನು ಮರೆಯಬಾರದು. ಈ ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಆಯಿಲ್. ನೀರು ಸೇರಿದರೆ ತುಕ್ಕು, ಸೀಮೆಎಣ್ಣೆ ಬೆರೆತರೆ ಸವೆತ.

ಹೊಗೆ ಏನು ಹೇಳುತ್ತದೆ

ಓಡುವ ಗಾಡಿಯ ಕಾಯಿಲೆಯನ್ನು ಸೈಲೆನ್ಸರ್ ಹೇಳುತ್ತದೆ. ಕಪ್ಪು ಹೊಗೆಯೆಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ: ಮೊದಲು ಏರ್ ಫಿಲ್ಟರ್ ನೋಡಿ, ಆಮೇಲೆ ನಾಜಲ್. ನೀಲಿ ಹೊಗೆಯೆಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ತುಸುಹೊತ್ತು ಬಿಳಿ ಹೊಗೆ ಬಂದರೆ ಅದು ಸರಿಯಾಗಿ ಉರಿಯದ ಡೀಸೆಲ್. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಿನ ನೀರು ಕಡಿಮೆಯಾಗುತ್ತಾ, ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣದ ಗಸಿ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ದೊಡ್ಡದು. ಬರೀ ಕಪ್ಪಗಾದ ಆಯಿಲ್ ಕಂಡು ಗಾಬರಿಯಾಗಬೇಕಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಮಸಿ ಬೆರೆತು ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ.

ಮೆಕ್ಯಾನಿಕ್‌ಗಳು ‘ಬ್ಯಾಕ್ ಕಂಪ್ರೆಷನ್’ ನೋಡುವುದೂ ಕಲಿಯಬೇಕಾದ ವಿದ್ಯೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದರೆ ಹೊಗೆ ಬುಸುಬುಸು ಬರುತ್ತಿದೆಯೇ ಎಂದು ನೋಡುತ್ತಾರೆ. ಬಂದರೆ ಪಿಸ್ಟನ್ ರಿಂಗ್ ಸವೆದು ಒತ್ತಡ ಕೆಳಗೆ ಸೋರುತ್ತಿದೆ ಎಂದರ್ಥ. ಹಳೇ ಡೀಸೆಲ್ ಕೊಳ್ಳುವ ಮುನ್ನ ಪೇಂಟಿನ ಹೊಳಪಿಗಿಂತ ಮೊದಲು ನೋಡಬೇಕಾದದ್ದು ಇದನ್ನೇ.

ಎಂಜಿನ್ ಮೂರೇ ಸಿಲಿಂಡರಿನಲ್ಲಿ ಓಡುತ್ತಾ ಕುಂಟುತ್ತಿದ್ದರೆ ಹಳೆಯ ಉಪಾಯವೊಂದಿದೆ. ಕನ್ನಡಕ, ಗ್ಲೌಸ್ ಹಾಕಿಕೊಂಡು, ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಒಂದೊಂದೇ ನಾಜಲ್ ಪೈಪಿನ ನಟ್ಟನ್ನು ಬಟ್ಟೆ ಸುತ್ತಿ ತುಸು ಸಡಿಲಿಸಿ ಮತ್ತೆ ಬಿಗಿಯುವುದು. ದುಡಿಯುವ ಸಿಲಿಂಡರಿನದು ಸಡಿಲಿಸಿದರೆ ಎಂಜಿನ್ ಇನ್ನಷ್ಟು ಕುಂಟುತ್ತದೆ. ಸದ್ದು ಬದಲಾಗದ ಸಿಲಿಂಡರೇ ಕಳ್ಳ. ಈ ಉಪಾಯ ಹಳೇ ಪಂಪಿನ ಗಾಡಿಗಳಿಗೆ ಮಾತ್ರ. ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಕೆಲಸ ಮಾಡುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಹೀಗೆ ಮಾಡಿದರೆ ಜೀವಕ್ಕೇ ಅಪಾಯ.

ಕೈ ಹಾಕಬಾರದ ಜಾಗ

ಪಂಪು ಮತ್ತು ನಾಜಲ್‌ಗಳ ಒಳಗೆ ಮನೆಯ ಸ್ಪ್ಯಾನರ್ ಹೋಗಬಾರದು. ಅಲ್ಲಿನ ಬಿಡಿಭಾಗಗಳ ನಡುವಿನ ಅಂತರ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಅಂಗಳದ ಧೂಳಿನ ಕಣವೇ ಅದಕ್ಕಿಂತ ದೊಡ್ಡದು. ಹಳೇ ನಾಜಲ್‌ಗಳು ಸಾಮಾನ್ಯವಾಗಿ 100ರಿಂದ 150 ಬಾರ್ ಒತ್ತಡಕ್ಕೆ ತೆರೆದುಕೊಳ್ಳುತ್ತವೆ. ಅದನ್ನು ಹೊಂದಿಸಲು ಟೆಸ್ಟಿಂಗ್ ಬೆಂಚ್ ಬೇಕು. ಬಿಚ್ಚಿ ಒಯ್ಯುವುದು ನಿಮ್ಮ ಕೆಲಸ, ಒಳಗಿನದು ಪಂಪ್ ಶಾಪಿನವರ ಕೆಲಸ.

ಈ ವಿಷಯದಲ್ಲಿ ಬೆಂಗಳೂರಿಗೆ ದೊಡ್ಡ ಪರಂಪರೆಯೇ ಇದೆ. ಬಾಷ್ ಸಹಯೋಗದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 1951ರಲ್ಲಿ ಹುಟ್ಟಿ ಆಡುಗೋಡಿಯಲ್ಲಿ ಬೆಳೆಯಿತು. ಜನರ ಬಾಯಲ್ಲಿ ಅದು ಮೈಕೊ. ಲಾರಿ, ಟ್ರ್ಯಾಕ್ಟರ್, ಬಸ್ಸುಗಳ ಪಂಪಿನ ಮೇಲೆಲ್ಲ ಆ ಹೆಸರಿತ್ತು. 2008ರಲ್ಲಿ ಕಂಪನಿ ಬಾಷ್ ಲಿಮಿಟೆಡ್ ಆಯಿತು, ಆದರೆ ಮೈಕೊ ಲೇಔಟ್ ಇವತ್ತಿಗೂ ಮೈಕೊ ಲೇಔಟೇ. ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಸೆಕೆಂಡ್ ಹ್ಯಾಂಡಿಗೆ ಶಿವಾಜಿನಗರದ ಗುಜರಿ ಎಂಬ ದಾರಿಯೂ ಹಳೇ ಗಾಡಿಯವರಿಗೆ ರೂಢಿಯಾಗಿದೆ.

ಟೈಮಿಂಗ್ ಬೆಲ್ಟ್ ಕೂಡ ಮೊದಲ ವರ್ಷದ ಪಾಠವಲ್ಲ. ಅದು ತುಂಡಾದರೆ ಅಥವಾ ಹಲ್ಲು ತಪ್ಪಿ ಕೂತರೆ ಪಿಸ್ಟನ್ ವಾಲ್ವ್‌ಗೆ ಬಡಿದು ಹೆಡ್ಡೇ ಬಿಚ್ಚಬೇಕಾಗುತ್ತದೆ. ಹಳೇ ಗಾಡಿ ಕೊಂಡಾಗ ಬೆಲ್ಟ್ ಯಾವಾಗ ಬದಲಿಸಿದ್ದು ಎಂಬುದಕ್ಕೆ ಬಿಲ್ ಇಲ್ಲದಿದ್ದರೆ, ಬಲ್ಲವರಿಂದ ಮೊದಲು ಅದನ್ನು ಹಾಕಿಸಿಬಿಡುವುದು ಲಾಭ.

ಇನ್ನು ಮೈಮೇಲಿನ ಎಚ್ಚರ. ಜಾಕಿ ಎತ್ತಲು ಮಾತ್ರ. ಗಾಡಿಯಡಿ ಮಲಗುವ ಮುನ್ನ ಸ್ಟ್ಯಾಂಡ್ ಕೊಡಲೇಬೇಕು. ಇಟ್ಟಿಗೆ, ಸೈಜುಗಲ್ಲು ಇದಕ್ಕೆ ಆಗದು. ಪೈಪ್ ಸೋರುವುದನ್ನು ಬೆರಳಿಟ್ಟು ನೋಡಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು. ಒತ್ತಡದ ಡೀಸೆಲ್ ಚರ್ಮದೊಳಗೆ ನುಗ್ಗಿದರೆ ಮೇಲೆ ಸೂಜಿಚುಚ್ಚಿನಷ್ಟೇ ಗುರುತಿದ್ದರೂ ಒಳಗೆ ಮಾಂಸ ಕೊಳೆಯುತ್ತದೆ. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬಾರದು. ಇಳಿಸಿದ ಆಯಿಲನ್ನು ಚರಂಡಿಗೆ ಸುರಿಯದೆ, ಹಳೇ ಆಯಿಲ್ ಕೊಳ್ಳುವವರಿಗೇ ಕೊಡಬೇಕು.

ಉಳಿಸುವುದರ ಲೆಕ್ಕ

ಹಳೇ ಡೀಸೆಲ್ ಮೇಲಿನ ಪ್ರೀತಿಗೆ ಇನ್ನೊಂದು ಮಗ್ಗುಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿ ನಿರ್ಬಂಧ ಹೇರಿತು. ಕರ್ನಾಟಕದಲ್ಲಿ ಅಂಥ ನಿಷೇಧವಿಲ್ಲ. 15 ವರ್ಷ ತುಂಬಿದ ಖಾಸಗಿ ಕಾರು ತಪಾಸಣೆ ದಾಟಿ, ಹಸಿರು ತೆರಿಗೆ ಕಟ್ಟಿ ಆರ್‌ಸಿ ನವೀಕರಿಸಿಕೊಳ್ಳಬೇಕು. ಆ ನವೀಕರಣದ ಶುಲ್ಕವೇ 2022ರ ಏಪ್ರಿಲ್ 1ರಂದು ₹600ರಿಂದ ₹5,000ಕ್ಕೆ ಏರಿತು. ಗಾಡಿ ಸ್ಟಾರ್ಟ್ ಆದ ಮಾತ್ರಕ್ಕೆ ರಿಪೇರಿ ಮುಗಿಯುವುದಿಲ್ಲ ಎಂಬುದು ಇದರ ತಾತ್ಪರ್ಯ. ಹಿಂದೆ ಬರುವ ಸ್ಕೂಟರಿನವರ ಮುಖಕ್ಕೆ ಮಸಿ ಉಗುಳದಂತಾದಾಗ ಮುಗಿಯುತ್ತದೆ.

ಇಷ್ಟೆಲ್ಲ ಕಲಿತ ಮೇಲೂ ಗ್ಯಾರೇಜಿಗೆ ಹೋಗುವುದು ತಪ್ಪದು. ಆದರೆ ಹೋಗಿ ಆಡುವ ಮಾತು ಬದಲಾಗುತ್ತದೆ. ‘ಗಾಡಿ ಯಾಕೋ ಸರಿ ಇಲ್ಲ, ಏನಾಗಿದೆ ನೋಡಿ’ ಎನ್ನುವವರಿಗೂ, ‘ಬ್ಯಾಟರಿ ಚೆನ್ನಾಗಿದೆ, ಪೈಪಲ್ಲಿ ಏರ್ ಇಲ್ಲ, ಮೂರನೇ ನಾಜಲ್ ಸಡಿಲಿಸಿದ್ರೆ ಸದ್ದು ಬದಲಾಗ್ತಿಲ್ಲ, ಅದೊಂದನ್ನ ಬೆಂಚಿಗೆ ಹಾಕಿ ಕೊಡಿ’ ಎನ್ನುವವರಿಗೂ ಬರುವ ಬಿಲ್ ಒಂದೇ ಆಗಿರುವುದಿಲ್ಲ.