ಬರೆದ ಮೇಲೆ ವಿನಯ, ಬರೆಯುವ ಮುನ್ನವಲ್ಲ

ಕಳೆದ ಕಾರ್ತಿಕ ಮಾಸದಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಸಂಚರಿಸುವ ಅವಕಾಶ ನಮಗೆ ಒದಗಿತ್ತು. ಬೆಳ್ತಂಗಡಿಯಲ್ಲಿ ನಾವು ಇಳಿದುಕೊಂಡದ್ದು ಸರ್ಕಾರಿ ನೌಕರಿಯ ನಿಮಿತ್ತ ಧಾರವಾಡದ ಕಡೆಯಿಂದ ಬಂದು ನೆಲೆಸಿದ ಶರಣ ಕುಟುಂಬವೊಂದರಲ್ಲಿ. ರಾತ್ರಿ ಪ್ರಸಾದವಾದ ಬಳಿಕ ಆ ಮನೆಯ ತಾಯಿ ಒಂದು ನೋಟುಪುಸ್ತಕವನ್ನು ಸಂಕೋಚದಿಂದ ನಮ್ಮ ಮುಂದಿಟ್ಟರು. ಅತ್ತೆಯವರು ಹಾಡುವ ಬೀಸುವ ಪದಗಳನ್ನು ಬರೆದಿಡಬೇಕೆಂದು ಆರಂಭಿಸಿದ ಪುಸ್ತಕವದು. ತುಂಬಿದ್ದು ಮೂರೇ ಪುಟ. ಮುಂದಿನ ಹಾಳೆಗಳನ್ನು ಹರಿದ ಗುರುತು ಕಾಣುತ್ತಿತ್ತು.

“ಗುರುಗಳೇ, ನಾನು ಹೆಚ್ಚು ಓದಿದವಳಲ್ಲ. ತಪ್ಪಾದೀತೆಂದು ನಿಲ್ಲಿಸಿಬಿಟ್ಟೆ. ಅತ್ತೆಯವರಿಗೆ ಈಗ ಎಂಬತ್ತೆರಡು ವರುಷ, ಒಂದೊಂದೇ ಪದ ಮರೆಯುತ್ತಿದ್ದಾರೆ” ಎಂದರು.

ಆ ಮಾತು ನಮ್ಮನ್ನೇ ಚುಚ್ಚಿತು. ಮಠದಲ್ಲಿ ವಿದ್ಯಾರ್ಥಿಯಾಗಿದ್ದ ವರ್ಷಗಳಲ್ಲಿ ಗುರುಗಳು ನಿತ್ಯ ಸಂಜೆ ವಚನಗಳಿಗೆ ಹೇಳುತ್ತಿದ್ದ ವ್ಯಾಖ್ಯಾನವನ್ನು ನಾವು ಕೇಳಿದ್ದೇವೆ. ಅದನ್ನು ಬರೆಯುವ ಯೋಗ್ಯತೆ ನಮಗೆಲ್ಲಿಯದು ಎಂದುಕೊಂಡು ಒಂದು ದಿನವೂ ಲೇಖನಿ ಹಿಡಿಯಲಿಲ್ಲ. ಗುರುಗಳು ಲಿಂಗೈಕ್ಯರಾದರು. ಇಂದು ನೆನಪಿನಲ್ಲಿ ಉಳಿದಿರುವುದು ಹಿಡಿಯಷ್ಟು. ಅದನ್ನು ನಾವು ವಿನಯವೆಂದು ಭಾವಿಸಿದ್ದೆವು. ವಾಸ್ತವವಾಗಿ ಅದು ಅಂಜಿಕೆಯಾಗಿತ್ತು.

ಬಂಟ್ವಾಳದ ಕವಿಶಿಷ್ಯ

ವಿನಯವಂತರು ಬರೆಯಲಾರರೆಂದಲ್ಲ. ಹಿಂದಿನ ದಿನ ಬಂಟ್ವಾಳದಲ್ಲಿ ನೇತ್ರಾವತಿಯ ದಡದಲ್ಲಿ ನಿಂತಾಗ ನಮಗೆ ಪಂಜೆ ಮಂಗೇಶರಾಯರ ಸ್ಮರಣೆಯಾಗಿತ್ತು. 1874ರಲ್ಲಿ ಆ ಊರಿನಲ್ಲಿ ಜನಿಸಿದ ಅವರು ಉಪಾಧ್ಯಾಯರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ದುಡಿದವರು. ಉದ್ಯೋಗದ ತಿರುಗಾಟದ ನಡುವೆಯೇ ಮಕ್ಕಳಿಗಾಗಿ ಪದ್ಯ, ಕಥೆಗಳನ್ನು ಬರೆದರು. ತಮ್ಮನ್ನು ಕವಿಯೆಂದು ಕರೆದುಕೊಳ್ಳದೆ ‘ಕವಿಶಿಷ್ಯ’ ಎಂಬ ಕಾವ್ಯನಾಮವನ್ನಿಟ್ಟುಕೊಂಡರು. ಆ ಶಿಷ್ಯನೇ 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದರು. ಶಿಷ್ಯನೆಂಬ ಭಾವ ಅವರ ಕೈಯನ್ನು ಕಟ್ಟಿಹಾಕಲಿಲ್ಲ. ಶಿಷ್ಯನಾದವನು ದಿನವೂ ಅಭ್ಯಾಸ ಮಾಡಬೇಕಷ್ಟೆ.

ಮೂಡುಬಿದಿರೆಯ ಓಲೆಗಳು

ಮರುದಿನ ವೇಣೂರಿನ ದಾರಿಯಾಗಿ ಮೂಡುಬಿದಿರೆಯನ್ನು ತಲುಪಿದೆವು. ವೀರಸೇನಾಚಾರ್ಯರು 9ನೆಯ ಶತಮಾನದಲ್ಲಿ ರಚಿಸಿದ ಧವಳಾ ಟೀಕೆಯ ಪ್ರಾಚೀನ ಓಲೆಪ್ರತಿಗಳನ್ನು ಕಾಪಾಡಿದ ಊರು ಅದು. ಪ್ರಾಕೃತ–ಸಂಸ್ಕೃತಗಳ ಆ ಗ್ರಂಥ ಅಲ್ಲಿ ಉಳಿದದ್ದು ಹಳೆಯ ಕನ್ನಡ ಲಿಪಿಯಲ್ಲಿ. 1939ರಿಂದ 1958ರವರೆಗೆ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅದು 16 ಸಂಪುಟಗಳಾಗಿ ಅಚ್ಚಾಯಿತು. ಓಲೆಯ ಮೇಲೆ ಅಕ್ಷರ ಬರೆದ ಲಿಪಿಕಾರರು ಇಲ್ಲದಿದ್ದರೆ ವಿದ್ವಾಂಸರ ಕೈಗೆ ಏನು ಸಿಗುತ್ತಿತ್ತು?

ನಮ್ಮ ಹಸ್ತಪ್ರತಿಗಳಲ್ಲಿ ಒಂದು ವಾಡಿಕೆಯುಂಟು. ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಲಿಪಿಕಾರನು ಬಲ್ಲವರನ್ನು ಬೇಡಿಕೊಳ್ಳುತ್ತಾನೆ. ಆ ಬೇಡಿಕೆ ಬರುವುದು ಗ್ರಂಥದ ಕೊನೆಯಲ್ಲಿ, ಬರೆದು ಮುಗಿಸಿದ ಮೇಲೆ. ವಿನಯಕ್ಕೆ ಸರಿಯಾದ ಸ್ಥಾನ ಅದೇ.

ಇದೇ ಊರಿನ ರತ್ನಾಕರವರ್ಣಿಯು 16ನೆಯ ಶತಮಾನದಲ್ಲಿ ರಚಿಸಿದ ‘ಭರತೇಶ ವೈಭವ’ದಲ್ಲಿ ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳಿವೆ. ರಾಶಿಯನ್ನು ನೋಡಿದರೆ ಎದೆ ನಡುಗುತ್ತದೆ. ದಿನಕ್ಕೆ ಹತ್ತರಂತೆ ಎಣಿಸಿದರೆ ಅದು ಸಾವಿರ ದಿನಗಳ ಕಾಯಕ. ಇನ್ನೊಂದೆಡೆ, ನಮ್ಮ ಶರಣೆ ಸಂಕವ್ವೆಯದು ದೊರೆತಿರುವುದು ಒಂದೇ ವಚನ. ಎಂಟು ಶತಮಾನಗಳ ನಂತರವೂ ಆಕೆಯ ಹೆಸರನ್ನು ಉಳಿಸಲು ಆ ಒಂದು ಸಾಕಾಯಿತು.

ಬರಹವೂ ನಿತ್ಯನೇಮ

ಇಷ್ಟಲಿಂಗ ಪೂಜೆಗೆ ಹೊತ್ತು ಗೊತ್ತುಮಾಡಿರುವಂತೆ ಬರಹಕ್ಕೂ ಒಂದು ಹೊತ್ತು, ಒಂದು ಜಾಗ ಗೊತ್ತಿರಲಿ. ಮನಸ್ಸು ಬಂದಾಗ ಬರೆಯುತ್ತೇವೆಂದರೆ ಮನಸ್ಸು ಬರುವುದೇ ಇಲ್ಲ. ಅರ್ಧ ಪುಟ ಸಾಕು; ಇನ್ನೂರು ಪುಟದ ಪುಸ್ತಕ ನಾಲ್ಕುನೂರು ದಿನಗಳಲ್ಲಿ ತುಂಬುತ್ತದೆ. ಬರೆದ ದಿನವೇ ತಿದ್ದಲು ಕೂಡಬಾರದು. ವಾರ ಕಳೆದ ಮೇಲೆ ತಿದ್ದಬಹುದು. ಹಾಳೆಯನ್ನು ಎಂದಿಗೂ ಹರಿಯಬಾರದು. ಹಿರಿಯರ ಮಾತನ್ನು ಗ್ರಾಂಥಿಕಗೊಳಿಸದೆ ಅವರ ಬಾಯಲ್ಲಿ ಬಂದಂತೆಯೇ ಬರೆದು, ದಿನಾಂಕ ಹಾಕಬೇಕು. ಒಂದು ದಿನ ತಪ್ಪಿದರೆ ಮರುದಿನ ಇಮ್ಮಡಿ ಬರೆಯುವ ಹಟ ಬೇಡ. ಎಂದಿನ ಅರ್ಧ ಪುಟವನ್ನು ಬರೆದರಾಯಿತು.

ಇಷ್ಟನ್ನೂ ಮೂಡುಬಿದಿರೆಯಿಂದಲೇ ಆ ತಾಯಿಗೆ ಪತ್ರದಲ್ಲಿ ತಿಳಿಸಿದೆವು. ಎರಡು ತಿಂಗಳ ಬಳಿಕ ಉತ್ತರ ಬಂತು: “ಹದಿನೇಳು ಪದಗಳಾಗಿವೆ. ಎರಡರ ಕೊನೆಯ ನುಡಿ ಅತ್ತೆಯವರಿಗೆ ನೆನಪಾಗುತ್ತಿಲ್ಲ. ಅಲ್ಲಿ ಜಾಗ ಬಿಟ್ಟಿದ್ದೇನೆ.”

ಆ ಖಾಲಿ ಜಾಗ ನಮ್ಮನ್ನು ಇಂದಿಗೂ ಕಾಡುತ್ತಿದೆ. ಗುರುಗಳ ಮಾತುಗಳಲ್ಲಿ ನೆನಪಿಗೆ ಬಂದಷ್ಟನ್ನು ನಾವೂ ನಿತ್ಯ ಬೆಳಗ್ಗೆ ಅರ್ಧ ಪುಟದಂತೆ ಬರೆಯತೊಡಗಿದ್ದೇವೆ. ವಾಚಕ ಬಂಧುಗಳೇ, ನಿಮ್ಮ ಮನೆಯಲ್ಲಿಯೂ ಹಾಡುವ, ಕಥೆ ಹೇಳುವ ಹಿರಿಯ ಜೀವವೊಂದು ಇದ್ದೀತು. ಈ ಸಂಜೆಯೇ ಅವರ ಬಳಿ ಪುಸ್ತಕ ಹಿಡಿದು ಕುಳಿತುಕೊಳ್ಳಿರಿ. ತಪ್ಪುಗಳನ್ನು ತಿದ್ದುವವರು ಮುಂದೆ ಬಂದಾರು. ಆ ಪದಗಳನ್ನು ಹೇಳುವವರು ಮತ್ತೆ ಬರಲಾರರು.