ವೈದ್ಯರು ಪಕ್ಕದ ಕೋಣೆಯಲ್ಲಿ, ಸೂಲಗಿತ್ತಿ ಮಗ್ಗುಲಲ್ಲಿ

ಸೀಮಂತ ಮುಗಿಸಿ ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ದುಬೈಯಿಂದಲೋ ಉಡುಪಿ ಬಳಿಯ ಕಾಪುವಿನ ತವರಿಗೆ ಬರುವ ಮಗಳ ಚೀಲದಲ್ಲಿ ದಪ್ಪನೆಯ ಫೈಲ್ ಇರುತ್ತದೆ. ಸ್ಕ್ಯಾನಿಂಗ್ ವರದಿ, ರಕ್ತದ ಗುಂಪು, ಸಕ್ಕರೆ ಪರೀಕ್ಷೆ ಎಲ್ಲವೂ ಅದರಲ್ಲಿವೆ. ಆದರೆ ಏಳೆಂಟು ತಿಂಗಳು ಅವಳನ್ನು ನೋಡಿದವರು ಅಲ್ಲೇ ಉಳಿದರು. ಇಲ್ಲಿ ಹೊಸ ಡಾಕ್ಟರು, ಹೊಸ ವಾರ್ಡು. ಬೇನೆ ಬಂದ ರಾತ್ರಿ ಯಾವ ಸಿಸ್ಟರ್ ಡ್ಯೂಟಿಯಲ್ಲಿರುತ್ತಾರೋ ಅವರೇ ಗತಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂಬ ಪದ್ಧತಿ ಬಾಣಂತನಕ್ಕೆ ಹಿತ, ನಿಜ. ಆದರೆ ಬಸುರಿ ಪರಿಚಯದ ಕೈಗಳಿಂದ ಅಪರಿಚಿತ ಕೈಗಳಿಗೆ ದಾಟುವುದು ಸರಿಯಾಗಿ ಕೊನೆಯ ಹಂತದಲ್ಲೇ.

ಅದೇ ಮನೆಯ ಇನ್ನೊಬ್ಬ ಮಗಳು ಲಂಡನ್ನಿನಲ್ಲಿ ಹೆತ್ತರೆ ಫೋನಿನಲ್ಲಿ ಅಮ್ಮನಿಗೆ ಗಾಬರಿ: ‘ಡಾಕ್ಟ್ರು ಬರ್ಲೇ ಇಲ್ವಾ? ಎಂತ ಆಸ್ಪತ್ರೆ ಅದು?’ ಬ್ರಿಟನ್ನಿನಲ್ಲಿ ತೊಡಕಿಲ್ಲದ ಬಸಿರನ್ನು ನೋಡಿಕೊಳ್ಳುವುದೂ ಹೆರಿಗೆ ಮಾಡಿಸುವುದೂ ಮಿಡ್‌ವೈಫ್‌ಗಳೇ, ಅಂದರೆ ತರಬೇತಿ ಪಡೆದ ಸೂಲಗಿತ್ತಿಯರು. 2015ರಲ್ಲಿ ರಾಜಕುಮಾರಿ ಷಾರ್ಲೆಟ್ ಹುಟ್ಟಿದಾಗಲೂ ಹೆರಿಗೆ ನಡೆಸಿದ್ದು ಮಿಡ್‌ವೈಫ್‌ಗಳು. ಅರಮನೆಯ ಹೆಸರಾಂತ ಪ್ರಸೂತಿ ತಜ್ಞರು, ಬೇಕಾದರೆ ಇರಲಿ ಎಂದು ಸನಿಹದಲ್ಲಿದ್ದರು. ವೈದ್ಯರನ್ನು ಬೇಡವೆಂದು ಹೊರಗಿಡುವ ವ್ಯವಸ್ಥೆ ಇದಲ್ಲ, ಅವರನ್ನು ಕರೆಯುವ ಹೊತ್ತು ಯಾವುದೆಂದು ಮೊದಲೇ ನಿಗದಿ ಮಾಡಿಕೊಂಡ ವ್ಯವಸ್ಥೆ.

ನಮ್ಮಲ್ಲಿ ಸೂಲಗಿತ್ತಿ ಎಂದೊಡನೆ ನೆನಪಾಗುವುದು ಪಾವಗಡದ ನರಸಮ್ಮ. 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಸಂದಿತು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಕಾಕತಾಳೀಯವೋ ಏನೋ, ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಯ ಮಾರ್ಗಸೂಚಿ ಹೊರತಂದದ್ದೂ ಆ ಡಿಸೆಂಬರಿನಲ್ಲೇ. ಅನುಭವಿ ನರ್ಸ್‌ಗಳಿಗೆ 18 ತಿಂಗಳ ತರಬೇತಿ, ಆಮೇಲೆ ದೊಡ್ಡ ಆಸ್ಪತ್ರೆಗಳ ಆವರಣದಲ್ಲೇ ಅವರು ನಡೆಸುವ ಹೆರಿಗೆ ಘಟಕ, ಕರೆದರೆ ಬರುವ ತಜ್ಞರು ಮತ್ತು ಆಪರೇಷನ್ ಥಿಯೇಟರ್ ಹತ್ತಿರದಲ್ಲೇ: ಯೋಜನೆಯ ತಿರುಳು ಇಷ್ಟು. ತೆಲಂಗಾಣ ಒಂದು ವರ್ಷ ಮೊದಲೇ, 2017ರಲ್ಲಿ, ಹೈದರಾಬಾದಿನ ಫರ್ನಾಂಡಿಸ್ ಪ್ರತಿಷ್ಠಾನದ ನೆರವಿನಿಂದ ತರಬೇತಿ ಶುರುಮಾಡಿತ್ತು. ಮನೆಯಲ್ಲಿ ಹೆರುವ ಹಟಕ್ಕೂ ಇದಕ್ಕೂ ಸಂಬಂಧವಿಲ್ಲ. ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಆ ಗಳಿಕೆಯನ್ನು ಬಿಟ್ಟುಕೊಡುವ ಮಾತೇ ಇಲ್ಲ.

ಇನ್ನು ಉಡುಪಿಗೆ ಬರೋಣ. ಸ್ವಿಟ್ಜರ್ಲೆಂಡಿನ ಡಾಕ್ಟರ್ ಇವಾ ಲೊಂಬಾರ್ಡ್ 1923ರಲ್ಲಿ ಇಲ್ಲಿ ಹೆಂಗಸರು ಮಕ್ಕಳಿಗೆಂದು ತೆರೆದ ಸಣ್ಣ ಆಸ್ಪತ್ರೆ ಇಂದಿಗೂ ಮಿಷನ್ ಆಸ್ಪತ್ರೆಯೆಂದೇ ಜನರ ಬಾಯಲ್ಲಿದೆ. 1953ರಲ್ಲಿ ಟಿ.ಎಂ.ಎ. ಪೈಗಳು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದರು, 1961ರಲ್ಲಿ ಆಸ್ಪತ್ರೆ ಬಂತು, ನರ್ಸಿಂಗ್ ಕಾಲೇಜೂ ಬಂತು. ಕಾರ್ಕಳದಲ್ಲಿ ಪೈಗಳ ಹೆಸರಿನ ರೋಟರಿ ಆಸ್ಪತ್ರೆಯಿದೆ. ಉಡುಪಿ ಪೇಟೆಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹೆಸರು ಹೊತ್ತ ಸರ್ಕಾರಿ ತಾಯಿ–ಮಕ್ಕಳ ಆಸ್ಪತ್ರೆಯಿದೆ. ಅದರ ಹೊಸ ಕಟ್ಟಡ ಕಟ್ಟಿಸಿದ್ದು ಕಾಪುವಿನಲ್ಲಿ ಹುಟ್ಟಿದ ಬಿ.ಆರ್. ಶೆಟ್ಟಿ. ರಾಜ್ಯದ ಎಷ್ಟೋ ಜಿಲ್ಲೆಗಳು ಬೆಂಬಲಕ್ಕೆ ವೈದ್ಯರಿಲ್ಲದೆ ಒದ್ದಾಡುವಾಗ ಇಲ್ಲಿ ಬೆಂಬಲವೇ ಧಾರಾಳ. ಕೊರತೆಯಿರುವುದು ಮುಂದೆ ನಿಂತು ನಡೆಸುವ ಮಿಡ್‌ವೈಫ್‌ಗೆ ಅಧಿಕಾರ ಕೊಡುವುದರಲ್ಲಿ. ಜಿಎನ್‌ಎಂ, ಬಿಎಸ್ಸಿ ಓದಿದ ಪ್ರತಿ ನರ್ಸ್‌ಗೂ ಮಿಡ್‌ವೈಫ್ ಎಂಬ ನೋಂದಣಿ ಸಿಗುತ್ತದೆ. ರಾತ್ರಿಯಿಡೀ ಬೇನೆಯವಳ ಬೆನ್ನು ನೀವಿ, ಮಗುವಿನ ಎದೆಬಡಿತ ಆಲಿಸುವವರು ಅವರೇ. ತಲೆ ಕಾಣುವ ಹೊತ್ತಿಗೆ ಮಾತ್ರ ಪಕ್ಕಕ್ಕೆ ಸರಿದು ನಿಲ್ಲಬೇಕು.

ಮಿಡ್‌ವೈಫ್ ಮುಂದಾಳತ್ವದ ಕೋಣೆ ಹೇಗಿರುತ್ತದೆ? ಮಂಚಕ್ಕೆ ಅಂಗಾತ ಮಲಗಿಸಿ ಕಾಲು ಕಟ್ಟುವುದಿಲ್ಲ. ಓಡಾಡಬಹುದು, ಚೆಂಡಿನ ಮೇಲೆ ಕೂರಬಹುದು, ಗೋಡೆಗೆ ಆತುಕೊಂಡು ಕುಕ್ಕರಗಾಲಲ್ಲಿ ಇರಬಹುದು. ಅಮ್ಮನೋ ಗಂಡನೋ ಜತೆಗಿರುತ್ತಾರೆ. ಬೇನೆ ಜೋರಾದ ಮೇಲೆ ಕಾಲು ಗಂಟೆ, ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ನೋಡುತ್ತಾರೆ, ಮುಕ್ಕುವ ಹಂತದಲ್ಲಿ ಐದು ನಿಮಿಷಕ್ಕೊಮ್ಮೆ. ಗರ್ಭದ್ವಾರ ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಗಡುವನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಕೈಬಿಟ್ಟಿತು. ಮಗು ಹುಟ್ಟಿದ ಕೂಡಲೇ ಬಾಣಂತಿಯ ಕೆಳಗೆ ಅಳತೆಗೆರೆಗಳಿರುವ ಪ್ಲಾಸ್ಟಿಕ್ ಹಾಳೆ ಹಾಸಿ, ರಕ್ತ ಎಷ್ಟು ಹೋಗುತ್ತಿದೆಯೆಂದು ಕಣ್ಣಂದಾಜಿಗೆ ಬಿಡದೆ ಅಳೆಯುತ್ತಾರೆ. 500 ಮಿ.ಲೀ. ಗೆರೆ ಮುಟ್ಟಿತೋ, ಹೊಟ್ಟೆಯ ಮೇಲಿಂದ ಗರ್ಭಕೋಶ ನೀವುವುದು, ಮದ್ದು, ಡ್ರಿಪ್, ಪರೀಕ್ಷೆ ಎಲ್ಲವೂ ಒಟ್ಟಿಗೆ. ಆಫ್ರಿಕಾದ ನಾಲ್ಕು ದೇಶಗಳಲ್ಲಿ ಸುಮಾರು 2 ಲಕ್ಷ ಹೆರಿಗೆಗಳನ್ನು ಒಳಗೊಂಡು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಕ್ರಮದಿಂದ ವಿಪರೀತ ರಕ್ತಸ್ರಾವದಂಥ ಗಂಡಾಂತರ ಶೇ 60ರಷ್ಟು ತಗ್ಗಿತೆಂದು ತೋರಿಸಿತು. ಹಾಳೆಯ ಬೆಲೆ ಅಲ್ಪವೇ. ಪಕ್ಕದಲ್ಲಿ ಕೂತು ಗೆರೆ ನೋಡುವವರು ಬೇಕು, ಅಷ್ಟೆ.

ಎಲ್ಲರಿಗೂ ಮಿಡ್‌ವೈಫ್ ಮುಂದಾಳತ್ವದ ಹೆರಿಗೆ ಹೊಂದುವುದಿಲ್ಲ. ಬಿಪಿ 140/90 ದಾಟಿದವರು, ಅವಳಿ ಹೊತ್ತವರು, ಮಗು ಅಡ್ಡವೋ ಕಾಲು ಕೆಳಗಾಗಿಯೋ ಇರುವವರು, ತೀವ್ರ ರಕ್ತಹೀನತೆಯವರು, ಹಿಂದೆ ಸಿಸೇರಿಯನ್ ಆದವರು ಮೊದಲಿನಿಂದಲೂ ತಜ್ಞರ ಕೈಯಲ್ಲಿರಬೇಕು. ಲಾಭವನ್ನೂ ಹಿಗ್ಗಿಸಿ ಹೇಳಬಾರದು. 2024ರಲ್ಲಿ ಕಾಕ್ರೇನ್ ಸಂಸ್ಥೆ 18,500ಕ್ಕೂ ಹೆಚ್ಚು ಮಹಿಳೆಯರ ಮೇಲಿನ 17 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು. ಒಬ್ಬರೇ ಮಿಡ್‌ವೈಫ್ ಅಥವಾ ಒಂದೇ ಸಣ್ಣ ತಂಡ ಮೊದಲಿನಿಂದ ನೋಡಿಕೊಂಡಲ್ಲಿ ಸಹಜ ಹೆರಿಗೆ ಹೆಚ್ಚು, ತಾಯಂದಿರಿಗೆ ಸಮಾಧಾನವೂ ಹೆಚ್ಚು. ಸಿಸೇರಿಯನ್ ಇಳಿದದ್ದು ಮಾತ್ರ ತುಸುವೇ, ಶೇ 16ರಿಂದ 15ಕ್ಕೆ. ಅದೂ ಬಹುಪಾಲು ಸಿರಿವಂತ ದೇಶಗಳ ಲೆಕ್ಕ.

ನಮ್ಮ ಲೆಕ್ಕ ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಶೇ 31.5ರಷ್ಟು ಹೆರಿಗೆ ಸಿಸೇರಿಯನ್. ಅದರ ಹಿಂದಿನ ಸಮೀಕ್ಷೆಯಲ್ಲಿ 23.6 ಇತ್ತು. ತಪ್ಪೆಲ್ಲ ಆಸ್ಪತ್ರೆಯದ್ದೇ ಎನ್ನುವವರು ಪಂಚಾಂಗ ಹಿಡಿದು ನಕ್ಷತ್ರ ನೋಡಿ ದಿನ ಗೊತ್ತುಮಾಡುವ ಅಜ್ಜಂದಿರನ್ನೂ ನೆನಪಿಸಿಕೊಳ್ಳಬೇಕು. ಸಿಸೇರಿಯನ್ ಜೀವ ಉಳಿಸುತ್ತದೆ, ಆದರೆ ದೊಡ್ಡ ಆಪರೇಷನ್. ಬಳ್ಳಾರಿಯಲ್ಲಿ 2024ರ ನವೆಂಬರಿನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದನ್ನು ರಾಜ್ಯ ಇನ್ನೂ ಮರೆತಿಲ್ಲ.

ಮಿಡ್‌ವೈಫ್‌ಗೆ ವೈದ್ಯರ ಬೆಂಬಲ ಎಂಬುದು ಕೊನೆಗೆ ರಸ್ತೆಯ ಮಾತು. ಕಾಪುವಿನಿಂದ ಹೆದ್ದಾರಿ ಹಿಡಿದರೆ ಉಡುಪಿ, ಮಣಿಪಾಲ 15–20 ಕಿ.ಮೀ. ಒಳಗೆ. ಕಾರ್ಕಳದಿಂದ ಹಿರಿಯಡ್ಕದ ದಾರಿಯಾಗಿ ಮಣಿಪಾಲ ಅದರ ಇಮ್ಮಡಿ ದೂರ. ಘಟ್ಟದ ಬುಡದ ಮಾಳದಂಥ ಊರಿನವರಿಗೆ ಆಷಾಢದ ಮಳೆಯಲ್ಲಿ ಕಾರ್ಕಳ ಪೇಟೆ ತಲುಪುವುದೇ ಮೊದಲ ಘಟ್ಟ. ಆದ್ದರಿಂದ ಕಾಪುವಿನ ಬಸುರಿಗೆ ಸಲ್ಲುವ ಲೆಕ್ಕವನ್ನು ಮಾಳದವಳ ಮೇಲೆ ಹೊರಿಸುವಂತಿಲ್ಲ. ಅವಳಿಗೆ ಆಶಾ ಕಾರ್ಯಕರ್ತೆಯ ಕಣ್ಗಾವಲು, 108ರ ಸಿದ್ಧತೆ, ದಿನ ಹತ್ತಿರವಾಗುತ್ತಲೇ ಪೇಟೆಯ ನೆಂಟರ ಮನೆಗೆ ಬಂದಿರುವುದು, ಇವೂ ಆರೈಕೆಯ ಭಾಗವೇ.

ಮಿಡ್‌ವೈಫ್ ಆರೈಕೆ ಕೌಂಟರಿನಲ್ಲಿ ಹಣ ಕಟ್ಟಿ ಕೊಳ್ಳುವ ಪ್ಯಾಕೇಜ್ ಅಲ್ಲ, ಕೇಳಿ ಪಡೆಯಬೇಕಾದದ್ದು. ಫೈಲ್ ಹಿಡಿದು ತವರಿಗೆ ಬಂದವಳು ಮೊದಲ ಭೇಟಿಯಲ್ಲೇ ವಿಚಾರಿಸಬಹುದು: ಬೇನೆಯ ಹೊತ್ತಿಗೆ ನನ್ನ ಜತೆ ಯಾರಿರುತ್ತಾರೆ, ಅವರನ್ನು ಈಗಲೇ ಭೇಟಿಯಾಗಬಹುದೇ? ಡಾಕ್ಟರನ್ನು ಯಾವಾಗ ಕರೆಯುತ್ತೀರಿ, ರಾತ್ರಿ ಎರಡಕ್ಕೆ ಅರಿವಳಿಕೆಯವರು ಆಸ್ಪತ್ರೆಯಲ್ಲಿರುತ್ತಾರೋ ಮನೆಯಿಂದ ಬರಬೇಕೋ? ಆಡಳಿತದವರು ಉತ್ತರಿಸಬೇಕಾದದ್ದು ಇನ್ನೊಂದಿದೆ. ಹೆರಿಗೆ ಕೋಣೆಯಲ್ಲಿ ಪಳಗಿದ ಸಿಸ್ಟರನ್ನು ಆರು ತಿಂಗಳಿಗೆ ಡಯಾಲಿಸಿಸ್‌ಗೋ ಸರ್ಜರಿ ವಾರ್ಡಿಗೋ ಹಾಕುವ ಪಾಳಿ ಪಟ್ಟಿ ನಿಲ್ಲದ ಹೊರತು 18 ತಿಂಗಳ ತರಬೇತಿ ನೀರಿನಲ್ಲಿ ಹೋಮ. 2023ರಲ್ಲಿ ಸಂಸತ್ತು ಒಪ್ಪಿದ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯ ಹೆಸರಿನಲ್ಲೇ ಮಿಡ್‌ವೈಫ್‌ಗೆ ಜಾಗವಿದೆ. ಪಾಳಿ ಪಟ್ಟಿಯಲ್ಲಿ ಜಾಗ ಕೊಡಬೇಕಾದವರು ಆಸ್ಪತ್ರೆಯವರು.